ಉಕ್ಕಿನ ತಂತಿಯ ಸಾಕ್ಷಿ

"ಲೌರಿಟ್ಸ್ ಹಾಡಿದ್ರೆ ಒಲೆ ಮೇಲಿನ ಹಾಲೂ ಉಕ್ಕೋದು ಮರೆತು ಕೇಳುತ್ತೆ ಕಣ್ರೀ" ಎಂದು ಹೆಂಡತಿ ಡಾಗ್ಮಾರ್ ಅಂದದ್ದೇ, ಲ್ಯುಂಗ್‌ಬಿ ಊರಿನ ಅಂಚೆ ಗುಮಾಸ್ತ ಥೋರ್ವಾಲ್ಡನ ಹೊಟ್ಟೆಗೆ ಕೆಂಡ ಬಿತ್ತು.

ಲೌರಿಟ್ಸ್ ಪಕ್ಕದ ಬೀದಿಯ ರೊಟ್ಟಿ ಅಂಗಡಿಯವನು. ಚರ್ಚಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಹಾಡುವವರು. ಆದರೆ ಊರಾಚೆಯ ಕೇಂದ್ರದಿಂದ, ತಂತಿಯಿಲ್ಲದೆ, ಕೋಪನ್‌ಹೇಗನ್ನಿಗೆ ಹಾಡು ಕಳಿಸುವ ಪರೀಕ್ಷೆಗೆ ಕರೆ ಬಂದದ್ದು ಲೌರಿಟ್ಸ್‌ನಿಗೆ ಮಾತ್ರ. ಅದನ್ನು ಅಲ್ಲಿ ಕೇಳಲು ಡಾಗ್ಮಾರ್ ಹಬ್ಬದ ಟೋಪಿ ಧರಿಸಿ ಬೆಳಗಿನ ರೈಲಿಗೇ ಹೊರಟಳು. ಗಂಡನ ಹಾಡಿಗೆ ಆ ಟೋಪಿ ಒಮ್ಮೆಯೂ ಪೆಟ್ಟಿಗೆ ಬಿಟ್ಟಿರಲಿಲ್ಲ.

ಥೋರ್ವಾಲ್ಡ್ ನೇರ ರೊಟ್ಟಿ ಅಂಗಡಿಗೆ ನಡೆದ. "ಎರಡು ಗಂಟೆಗಲ್ಲವಂತೆ ಮಾರಾಯ, ನಾಲ್ಕಕ್ಕೆ ಬರಬೇಕಂತೆ."

"ಒಳ್ಳೇದಾಯ್ತು ಬಿಡು, ಇನ್ನೊಂದು ಸಲ ರೊಟ್ಟಿ ಬೇಯಿಸ್ತೀನಿ" ಎಂದ ಲೌರಿಟ್ಸ್, ಪಾಪ, ಅವನ ಕೈಗೊಂದು ಬಿಸಿ ಬನ್ನನ್ನೂ ಇಟ್ಟ.

ಎರಡಕ್ಕೆ ಥೋರ್ವಾಲ್ಡ್ ಕೇಂದ್ರದಲ್ಲಿ ಹಾಜರು. ಗೋಡೆಯಾಚೆ, ದನಿಯನ್ನು ಗಾಳಿಯಲ್ಲಿ ಸಾಗಿಸಲು ಕೇಂದ್ರದ ಇಂಜಿನಿಯರರು ಕಂಡುಹಿಡಿದ ವಿದ್ಯುತ್ ಜ್ವಾಲೆ ಬುಸುಗುಡುತ್ತಿತ್ತು. ಅದನ್ನು ಬಿಟ್ಟು ಕದಲುವಂತಿಲ್ಲದ ಸಹಾಯಕ ಹೋಲ್ಗರನ ದನಿ ಮಾತ್ರ ಬಂತು: "ಲೌರಿಟ್ಸ್ ಅವರೇನ್ರೀ? ಬೇರೆಯವರಾದ್ರೆ ಜ್ವಾಲೆ ಆರಿಸಿಬಿಡ್ತೀನಿ."

"ಅಲ್ಲ... ಅಂದ್ರೆ ಹೌದು, ನಾನೇ!"

"ಹಾಗಾದ್ರೆ ಮೊದಲು ಹೆಸರು ಹೇಳಿ, ಆಮೇಲೆ ಹಾಡಿ."

ಕಷಾಯ ಕುಡಿದವನಂತೆ ಮುಖ ಕಿವಿಚಿ ಥೋರ್ವಾಲ್ಡ್ ವೈರಿಯ ಹೆಸರು ಹೇಳಿದ. ಆದರೆ ಹಾಡಿದ ನೋಡಿ! ಹನ್ನೆರಡು ವರ್ಷದ ಹೊಟ್ಟೆಕಿಚ್ಚು ಗಂಟಲಿಗೆ ಬಂದು ಜೇನಾಯಿತು.

ಹಾಡಿದವನನ್ನು ಹೊಗಳಲು ಹೆಂಡತಿ ಬಂದೇ ಬರುತ್ತಾಳೆ, ಹಾಡಿದ್ದು ತಾನೆಂದು ಆಗ ಹೇಳಬೇಕು ಎಂದು ಎದೆಯುಬ್ಬಿಸಿ ಕೇಂದ್ರದ ಬಾಗಿಲಲ್ಲೇ ಕಾದ. ನಾಲ್ಕಕ್ಕೆ ಲೌರಿಟ್ಸ್ ಬಂದ. ಅವನ ಬೆನ್ನಿಗೇ ರೈಲಿಳಿದು ಬಂದ ಡಾಗ್ಮಾರ್ ಓಡಿ ಹೋಗಿ ಹಿಡಿದದ್ದು ಲೌರಿಟ್ಸ್‌ನ ಕೈ.

"ಎಲ್ಲರನ್ನೂ ಅಳಿಸಿಬಿಟ್ರಲ್ಲ! ಇಷ್ಟು ಚೆನ್ನಾಗಿ ನೀವು ಯಾವತ್ತೂ ಹಾಡಿರಲಿಲ್ಲ!"

"ಲೇ, ಹಾಡಿದ್ದು ನಾನು ಕಣೇ!"

"ಸುಮ್ನಿರ್ರೀ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

ಗಲಾಟೆ ಕೇಳಿ ಹೋಲ್ಗರ್ ಹೊರಬಂದ. "ಜಗಳ ಯಾಕೆ? ಹಾಡನ್ನ ಉಕ್ಕಿನ ತಂತಿಯಲ್ಲಿ ಹಿಡಿದಿಟ್ಟಿದ್ದೀನಿ. ದನಿ ಹಿಡಿದಿಡೋ ಆ ಯಂತ್ರವೂ ನಮ್ಮ ಇಂಜಿನಿಯರರದ್ದೇ."

"ಹಾಕಿ, ಹಾಕಿ! ಇವಳಿಗೆ ಕೇಳಿಸಿ!" ಥೋರ್ವಾಲ್ಡ್ ಕುಣಿದಾಡಿದ.

ತಂತಿ ಸುರುಳಿ ಸುತ್ತತೊಡಗಿತು. ಡಾಗ್ಮಾರ್ ಕೇಳುಗೊಳವೆಯನ್ನು ಕಿವಿಗೊತ್ತಿಕೊಂಡಳು. ಮರುಕ್ಷಣ ಗಂಡನತ್ತ ಕನಿಕರದಿಂದ ನೋಡಿದಳು. "'ನಾನು ಲೌರಿಟ್ಸ್' ಅಂತ ಸ್ಪಷ್ಟವಾಗಿ ಹೇಳ್ತಿದೆ. ಇನ್ನೇನು ಬೇಕು ನಿಮಗೆ?"

ಥೋರ್ವಾಲ್ಡ್ ಆಸೆಯಿಂದ ಲೌರಿಟ್ಸ್‌ನತ್ತ ತಿರುಗಿದ. ಅವನಿಗೆ ಉಳಿದಿದ್ದು ಲೌರಿಟ್ಸ್‌ನ ಪ್ರಾಮಾಣಿಕತೆಯೊಂದೇ.

ಲೌರಿಟ್ಸ್ ಕೊಳವೆ ತೆಗೆದುಕೊಂಡು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಕಣ್ಣು ತೆರೆದು ಥೋರ್ವಾಲ್ಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಡಾಗ್ಮಾರಳತ್ತ ತಿರುಗಿ ವಿನಯದಿಂದ ತಲೆಬಾಗಿಸಿದ.

"ಏನೋ ಪರವಾಗಿಲ್ಲ ಅಮ್ಮಾ. ಇವತ್ತು ಗಂಟಲು ಸ್ವಲ್ಪ ಕಟ್ಟಿತ್ತು. ಇಲ್ದಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು."