ದೊಡ್ಡ ಅಟ್ಟವೋ, ದೊಡ್ಡ ಜಗಲಿಯೋ?

ಭಗವಂತ ನಮಗೆ ಚಿಂತೆ ಕೊಡುವಾಗ ಅದರ ಮಡಿಲಿಗೆ ಒಂದು ಹಿಡಿ ನಗುವನ್ನೂ ಹಾಕಿಯೇ ಕಳಿಸುತ್ತಾನೆ. ಅರಸೀಕೆರೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಮೇಷ್ಟರಾದ ನನಗೆ ಈ ಪ್ರಸಾದ ಆಗಾಗ ಸಿಗುತ್ತಲೇ ಇರುತ್ತದೆ. ಈ ಸಲ ಹೊತ್ತು ತಂದವರು ನನ್ನ ಅಕ್ಕನ ಗಂಡ, ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ.

ಆರು ಆನೆ

ಭಾವನ ಮಗಳಿಗೆ ಹಾಸನದಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿತು. ಮೊದಲ ಕೆಲಸವೇ ಹಳೇಬೀಡಿನ ಗುಡಿಯ ಚಿತ್ರ, ಸೋಮವಾರ ಒಪ್ಪಿಸಬೇಕು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದಳು. ನಕ್ಷತ್ರದಂಥ ಜಗತಿಕಟ್ಟೆ ಬಂತು, ಗೋಡೆ ಬಂತು, ಆನೆಗಳ ಸಾಲಿಗೆ ಬರುತ್ತಲೇ ಲ್ಯಾಪ್‌ಟಾಪು ನಿಂತೇಹೋಯಿತು.

"ಮಾವ, ಆರು ಆನೆಗೇ ಮಲಗಿಬಿಡ್ತು!"

ಭಾವ ಇಣುಕಿ ನೋಡಿದರು. "ವಯಸ್ಸಾಗೈತೆ ಕಣಮ್ಮ. ಆರು ಹೊತ್ತಿದ್ದೇ ಹೆಚ್ಚು."

ಅಟ್ಟದ ಮೇಲಿನ ಆಸೆ

ಹೊಸದು ಕೊಳ್ಳಲು ಶನಿವಾರ ಬೆಳಿಗ್ಗೆ ಮೂವರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ಎರಡು ಲ್ಯಾಪ್‌ಟಾಪ್ ಮುಂದಿಟ್ಟರು. ಭಾವನಿಗೆ ತಿಳಿಯಲೆಂದು ನಾನು ಬಿಡಿಸಿ ಹೇಳಿದೆ: "ಸ್ಟೋರೇಜ್ ಅಂದ್ರೆ ಅಟ್ಟ, ಸಾಮಾನು ತುಂಬಿಡೋಕೆ. ರ‍್ಯಾಮ್ ಅಂದ್ರೆ ಜಗಲಿ, ಕೂತು ಕೆಲಸ ಮಾಡೋಕೆ. ಒಂದರಲ್ಲಿ ಅಟ್ಟ ದೊಡ್ಡದು, ಇನ್ನೊಂದರಲ್ಲಿ ಜಗಲಿ."

ವರ್ಷಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ ಬಾಳಿದವರಿಗೆ ಅಟ್ಟದ ಹೋಲಿಕೆ ಕೊಟ್ಟದ್ದು ನನ್ನದೇ ತಪ್ಪು.

"ಅಟ್ಟ ದೊಡ್ಡದಿರೋದೇ ಕೊಡಿ."

"ಅಪ್ಪಾ, ಅದರಲ್ಲಿ ಎಂಟೇ ಜಿಬಿ ರ‍್ಯಾಮ್. ಆನೆಗಳಿಗೆ ಹದಿನಾರು ಬೇಕು!"

"ಜಗಲಿ ಮೇಲೆ ಕೂತು ಯಾರಮ್ಮ ಉದ್ಧಾರ ಆಗವ್ರೆ?"

ಅಂಗಡಿಯವರು ನಡುವೆ ಬಂದರು. "ಅಟ್ಟ ದೊಡ್ಡದಿರೋದ್ರಲ್ಲಿ ಒಂದು ಸ್ಲಾಟ್ ಖಾಲಿ ಇದೆ. ಹಿಂದಿನ ಮುಚ್ಚಳ ಬಿಚ್ಚಿ ಇನ್ನೊಂದು ಎಂಟು ಜಿಬಿ ಹಾಕಿಕೊಡ್ತೀನಿ."

ಭಾವ ಬೆಚ್ಚಿಬಿದ್ದರು. "ಹೊಸ ವಸ್ತು, ಪೂಜೆನೂ ಆಗಿಲ್ಲ, ಆಗಲೇ ಹೊಟ್ಟೆ ಕೊಯ್ತೀರಾ? ಬಿಡ್ತು ಅನ್ನಿ!"

ಪಾಪ, ಅಂಗಡಿಯವರು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು "ಬಿಡ್ತು" ಅಂದರು.

ಕಿವಿಯ ಪರೀಕ್ಷೆ

ಕಾಯಿಯನ್ನು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿಯಾಗಿದೆ ಎಂದರ್ಥ. ಭಾವ ಎರಡೂ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು. ಅಂಗಡಿಯವರು ಎದೆ ಹಿಡಿದುಕೊಂಡರು.

"ಎರಡರದ್ದೂ ಸದ್ದೇ ಇಲ್ವಲ್ಲ ಮೇಷ್ಟ್ರೇ," ಭಾವ ತಲೆಯಾಡಿಸಿದರು. "ಇನ್ನೂ ಆರು ತಿಂಗಳು ಒಣಗಬೇಕು."

ತಾಯಿಯ ಅಪ್ಪಣೆ

ಹುಡುಗಿಯ ಕಣ್ಣಲ್ಲಿ ನೀರು. ನಾಳಿದ್ದೇ ಸೋಮವಾರ. ಕೊನೆಗೆ ಭಾವ, "ಅಮ್ಮನ್ನೇ ಕೇಳಾನ, ನಡೀರಿ" ಎಂದರು. ಅಮ್ಮ ಅಂದರೆ ನಮ್ಮ ಮನೆದೇವರು. ಗುಡಿಯಲ್ಲಿ ಅವಳ ಮೈಮೇಲೆ ಎರಡೂ ಕಡೆ ಹೂ ಅಂಟಿಸಿ ಬೇಡಿಕೊಂಡರೆ, ಯಾವ ಕಡೆಯದು ಬೀಳುತ್ತದೋ ಅದೇ ಉತ್ತರ.

"ಏನು ಕೇಳ್ಕೋತೀರಿ?" ಎಂದರು ಪೂಜಾರಪ್ಪ.

"ಬಲಗಡೆ ಕೊಟ್ರೆ ಅಟ್ಟ, ಎಡಗಡೆ ಕೊಟ್ರೆ ಜಗಲಿ."

"ಓಹೋ, ಮನೆ ಕಟ್ಟಿಸ್ತಿದ್ದೀರಾ! ಒಳ್ಳೇದಾಗಲಿ."

ನಾನೂ ಕಣ್ಣು ಮುಚ್ಚಿದೆ. ತಾಯೀ, ಅಟ್ಟ ಜಗಲಿ ನಿನಗೆ ಬಿಟ್ಟದ್ದು. ಮಗು ಅಳದ ಹಾಗೆ ನೋಡಿಕೋ ಅಂದೆ. ಗಂಟೆ ಮೊಳಗಿತು. ಎರಡೂ ಕಡೆಯ ಹೂ ಒಟ್ಟಿಗೇ ಬಿದ್ದವು!

ಭಾವ ಗಲ್ಲ ಗಲ್ಲ ಬಡಿದುಕೊಂಡರು. "ಎರಡನ್ನೂ ದೊಡ್ಡದು ಮಾಡು ಅಂತ ಅಪ್ಪಣೆ ಆಯ್ತು. ನಡೀರಿ, ಹೊಟ್ಟೆ ಬಿಚ್ಚಿಸಾನ!"

ಅಂಗಡಿಯಲ್ಲಿ ಮೊದಲು ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚಿಸಿದರು. ಮುಚ್ಚಳ ಬಿಚ್ಚಿತು, ರ‍್ಯಾಮ್ ಕೂತಿತು, ಹುಡುಗಿ ಮೊದಲ ಸಲ ನಕ್ಕಳು. ಅಂಗಡಿಯವರು ಮುಚ್ಚಳ ಹಾಕಬೇಕು ಅನ್ನುವಷ್ಟರಲ್ಲಿ ಭಾವ ತಡೆದರು.

"ತಾಳಿ, ಅಲ್ಲೊಂದು ಜಾಗ ಖಾಲಿ ಐತಲ್ಲ, ಏನದು?"

"ಅದು ಇನ್ನೊಂದು ಎಸ್‌ಎಸ್‌ಡಿ ಹಾಕೋಕೆ. ಅಟ್ಟದ ಮೇಲೊಂದು ಅಟ್ಟ ಇದ್ದಂಗೆ."

ಭಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಮುಚ್ಚಬೇಡಿ, ಹಂಗೇ ಇಟ್ಟಿರಿ. ಮೇಷ್ಟ್ರೇ, ಸ್ಕೂಟರ್ ತೆಗೀರಿ. ಗುಡಿ ಬಾಗಿಲು ಹಾಕೋದ್ರೊಳಗೆ ಇನ್ನೊಂದು ಹೂ ಕೇಳ್ಕಂಡು ಬರಾನ!"