ಓವನ್ ಇರೋ ಮನೆ

ಮಾರ್ಚ್‌ನಿಂದ ದೀಪಾವಳಿವರೆಗೆ ನಮ್ಮ ಮನೆಯೂ ಎಲ್ಲರ ಮನೆಯ ಹಾಗೇ ಇರುತ್ತದೆ. ಕಾರ್ತಿಕ ಮುಗಿದು, ಚಾಮರಾಜಪೇಟೆಯ ಗಂಡಸರು ಮಂಕಿ ಕ್ಯಾಪ್ ಹಾಕಿಕೊಂಡು ಬೆಳಿಗ್ಗೆ ಹಾಲಿಗೆ ಹೊರಟರು ಅಂದರೆ ಸಾಕು, ನನ್ನ ಗ್ರಹಚಾರ ಶುರುವಾಯಿತು ಅಂತಲೇ ಲೆಕ್ಕ. ವರ್ಷಾ ವರ್ಷಾ ಹೀಗೇ. ಇದಕ್ಕೆಲ್ಲ ಕಾರಣ ನಮ್ಮ ಅಡುಗೆಮನೆ ಬಾಗಿಲ ಪಕ್ಕ, ಗಿಡ್ಡ ಮೇಜಿನ ಮೇಲೆ ಕೂತಿರುವ ಓವನ್.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ದಿನವಿಡೀ ಫೈಲು ನೋಡಿ ಸಾಕಾಗಿ ಬಂದ ಮೇಲೆ, ಚಳಿಯ ಸಂಜೆಯಲ್ಲಿ ಒಂದು ಕೇಕ್ ಬೇಯಿಸೋಣ, ಮನೆಯೆಲ್ಲ ಬೆಣ್ಣೆ, ಏಲಕ್ಕಿ ಘಮ್ ಅನ್ನಲಿ, ಬಿಸಿ ಕಾಫಿ ಜೊತೆ ಒಂದು ತುಂಡು ತಿಂದು ಸುಮ್ಮನೆ ಕೂತಿರೋಣ ಅಂತ ಆಸೆಪಟ್ಟು ತಂದ ಓವನ್ ಅದು. ಬೇರೇನೂ ದೊಡ್ಡ ಆಸೆಯಲ್ಲ. ಆದರೆ ಸುಮ್ಮನೆ ಕೂರುವುದಕ್ಕೂ ಹಣೆಯಲ್ಲಿ ಬರೆದಿರಬೇಕು.

ಎಲ್ಲಾ ಅರ್ಧ

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾದಾಗಿನಿಂದ ಒಲೆ ಮುಂದೆ ನಿಂತು ಅವರು ಮಾಡಿರುವ ಒಂದೇ ಕೆಲಸ ಅಂದರೆ ಹಾಲು ಉಕ್ಕಿಸುವುದು. ಅಂಥವರು ಒಂದು ಶನಿವಾರ ಮಧ್ಯಾಹ್ನ ನನ್ನ ಆಫೀಸಿಗೆ ಫೋನ್ ಮಾಡಿ, "ಇವತ್ತು ಕೇಕ್ ನಾನೇ ಮಾಡ್ತೀನಿ. ನೀನು ಬರೋ ಹೊತ್ತಿಗೆ ರೆಡಿ ಇರುತ್ತೆ" ಅಂದರು.

"ಫ್ರಿಜ್ ಮೇಲೆ ಚೀಟಿ ಅಂಟಿಸಿದೀನಿ ನೋಡಿ. ಅದು ಒಂದು ಕೆಜಿ ಕೇಕಿಂದು. ನಮಗೆ ಅರ್ಧ ಕೆಜಿ ಸಾಕು, ಎಲ್ಲಾ ಅರ್ಧ ಮಾಡ್ಕೊಳಿ" ಅಂದೆ.

"ಅರ್ಧ ಮಾಡೋದನ್ನ ನನಗೆ ಹೇಳ್ಕೊಡ್ತೀಯಾ?" ಅಂತ ಫೋನ್ ಇಟ್ಟರು.

ಸಂಜೆ ಮನೆಗೆ ಬಂದು ಓಡೋಡಿ ಓವನ್ ಬಾಗಿಲು ತೆಗೆದೆ. ಟಿನ್ನಿನ ತುಂಬ ಹಳದಿ ಗಂಜಿ. ಅಲ್ಲಾಡಿಸಿದರೆ ತುಳುಕುತ್ತಿತ್ತು.

"ಇದೇನ್ರೀ ಇದು?"

"ಕೇಕ್. ನೀನು ಹೇಳಿದ ಹಾಗೇ. ಮೈದಾ ಅರ್ಧ, ಸಕ್ಕರೆ ಅರ್ಧ, ಬೆಣ್ಣೆ ಅರ್ಧ. ಮೂರು ಮೊಟ್ಟೆ ಬರ್ದಿದ್ಯಲ್ಲ, ಅದಕ್ಕೆ ಒಂದೂವರೆ ಹಾಕಿದೆ. ಆ ಅರ್ಧ ಮೊಟ್ಟೆಗೆ ಎಷ್ಟು ಒದ್ದಾಡಿದೆ ಗೊತ್ತಾ?"

ಅದೇನೋ ಸರಿಯಾಗಿಯೇ ಇತ್ತು. ನನಗೆ ಯಾಕೋ ಅನುಮಾನ ಬಂತು. "ಎಷ್ಟು ಬಿಸಿಗೆ ಇಟ್ಟಿದ್ರಿ?"

"ನೂರ ಎಂಬತ್ತು ಡಿಗ್ರಿ ಅಂತಿತ್ತು, ತೊಂಬತ್ತಕ್ಕೆ ಇಟ್ಟೆ. ನಲವತ್ತು ನಿಮಿಷ ಅಂತಿತ್ತು, ಇಪ್ಪತ್ತಕ್ಕೆ ಆಫ್ ಮಾಡ್ದೆ."

ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತೆ. "ಬೆಂಕೀನ ಯಾರಾದ್ರೂ ಅರ್ಧ ಮಾಡ್ತಾರೇನ್ರೀ?"

ಅವರು ಚೀಟಿ ತೆಗೆದು ಇನ್ನೊಂದು ಸಲ ಓದಿದರು. ಗಂಜಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಹತ್ತನೇ ಕ್ಲಾಸಿನ ಮುಂದೆ ನಿಂತವರ ಗಾಂಭೀರ್ಯದಲ್ಲಿ ಹೇಳಿದರು: "ಲೆಕ್ಕ ಸರಿಯಾಗಿದೆ. ತಪ್ಪು ಪ್ರಶ್ನೆಯಲ್ಲಿದೆ."

ಬೆಚ್ಚಗಿನ ಜಾಗ

ಡಿಸೆಂಬರ್‌ನಲ್ಲಿ ಬೆಂಗಳೂರಿನ ಹೆಂಗಸರಿಗೆ ಇರುವ ಚಿಂತೆ ಒಂದೇ. ಇಡ್ಲಿ ಹಿಟ್ಟು ಹುದುಗುವುದಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಎದ್ದು ನೋಡಿದರೆ ಇಟ್ಟಲ್ಲೇ ಇರುತ್ತದೆ, ಸರ್ಕಾರಿ ಫೈಲಿನ ಹಾಗೆ. ಕೆಳಗಿನ ಮನೆಯಲ್ಲಿರುವ ನಮ್ಮ ಓನರ್ ಆಂಟಿಯಂತೂ ಪಾತ್ರೆಗೆ ಗಂಡನ ಹಳೇ ಸ್ವೆಟರ್ ತೊಡಿಸಿ ಮಲಗಿಸುತ್ತಿದ್ದರು. ಪಾಪ ಅಂತ ಅನ್ನಿಸಿ ನಾನೇ ಬಾಯಿಬಿಟ್ಟೆ. "ಓವನ್ ಒಳಗಿನ ಲೈಟ್ ಒಂದೇ ಹಾಕಿ ಹಿಟ್ಟು ಇಟ್ರೆ ಚೆನ್ನಾಗಿ ಉಬ್ಬುತ್ತೆ ಆಂಟಿ."

ಮಾರನೇ ದಿನದಿಂದ ನಮ್ಮ ಓವನ್ ಅವರದಾಯಿತು. ನಾನು ಆಫೀಸಿಗೆ ಹೋದ ಮೇಲೆ ಬರುತ್ತಾರೆ, ನಮ್ಮತ್ತೆ ಬಾಗಿಲು ತೆಗೆಯುತ್ತಾರೆ, ಹಿಟ್ಟು ಒಳಗೆ ಹೋಗುತ್ತದೆ. ನನಗೆ ಯಾರೂ ಹೇಳುವುದಿಲ್ಲ.

ಒಂದು ಸಂಜೆ ಬಿಸ್ಕತ್ತು ಮಾಡೋಣ ಅಂತ, ಓವನ್ ಕಾಯಲಿ ಎಂದು ಸ್ವಿಚ್ ತಿರುಗಿಸಿ ಮುಖ ತೊಳೆಯಲು ಹೋದೆ. ಸೀರೆ ಬದಲಿಸಿ, ಅತ್ತೆಗೆ ಕಾಫಿ ಕೊಟ್ಟು ಬರುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ. ಬಾಗಿಲು ತೆಗೆದರೆ, ಒಳಗೆ ಸ್ಟೀಲ್ ಪಾತ್ರೆ. ಹಿಟ್ಟು ಉಬ್ಬಿ, ಬಿರಿದು, ಮೇಲೆಲ್ಲ ಕಂದುಬಣ್ಣಕ್ಕೆ ತಿರುಗಿ ಬಂಡೆಯ ಹಾಗೆ ಕೂತಿತ್ತು.

ಆಗಲೇ ಆಂಟಿ ಹತ್ತಿ ಬಂದರು. "ಉಬ್ಬಿತಾ?"

"ಉಬ್ಬಿದೆ ಆಂಟಿ" ಅಂದೆ. ಬೇರೇನು ಹೇಳಲಿ? ಹಿಟ್ಟು ರುಬ್ಬಿಕೊಡ್ತೀನಿ, ಪಾತ್ರೆ ಉಜ್ಜಿಕೊಡ್ತೀನಿ, ನಮ್ಮನ್ನ ಮನೆ ಬಿಡಿಸಬೇಡಿ ಅಂತೆಲ್ಲ ಕೈ ಮುಗಿದೆ. ಅವರು ಬಂಡೆಯನ್ನು ಸೆರಗಲ್ಲಿ ಹಿಡಿದು ಇಳಿದು ಹೋದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಮತ್ತೆ ಬಂದರು. ಈ ಸಲ ಎರಡು ಪಾತ್ರೆ.

"ನಮ್ಮೆಜಮಾನ್ರು ಚಟ್ನಿಪುಡಿ ಹಾಕ್ಕೊಂಡು ಪೂರ್ತಿ ತಿಂದ್ರು ಕಣ್ರೀ. ಇವತ್ತು ನೆಂಟರು ಬರ್ತಿದಾರೆ, ಅದನ್ನೇ ಮಾಡ್ಕೊಡಿ. ಆದ್ರೆ ನಿನ್ನೆ ಸ್ವಲ್ಪ ಅಶ್ರದ್ಧೆ ಮಾಡಿದ್ರಿ, ಮೇಲೆ ಕಪ್ಪಾಗಿತ್ತು."

ಎದುರು ಮನೆಯವರು

ಎದುರು ಮನೆಯ ಹಿರಿಯರು ಬಹಳ ಮಡಿವಂತರು. ಅವರ ಮನೆ ಹೊಸಿಲನ್ನು ಬೆಳ್ಳುಳ್ಳಿ ಸಹ ದಾಟಿಲ್ಲ ಅಂತ ಬೀದಿಗೆಲ್ಲ ಗೊತ್ತು. ಆದರೆ ನಮ್ಮ ಮನೆಯಲ್ಲಿ ಕೇಕ್ ಬೇಯುವ ದಿನ ಮಾತ್ರ ಅವರ ಸಂಜೆಯ ವಾಕಿಂಗ್ ಪೂರ್ತಿ ನಮ್ಮ ಗೇಟಿನ ಮುಂದೆಯೇ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ಮಫ್ಲರ್ ಸರಿಮಾಡಿಕೊಂಡು ಮೂಗು ಮಾತ್ರ ಹೊರಗೆ ಬಿಟ್ಟುಕೊಂಡು.

ವಯಸ್ಸಾದವರು, ವಾಸನೆಯಲ್ಲೇ ತೃಪ್ತಿಪಡಬೇಕೇ? ನಮ್ಮದು ಮೊಟ್ಟೆ ತಿನ್ನುವ ಮನೆ. ಅವರಿಗೋಸ್ಕರ ಅಂತಲೇ ಹೊಸ ಪಾತ್ರೆ, ಹೊಸ ಚಮಚ ತಂದು, ಒಂದು ಭಾನುವಾರ ಮೊಸರು ಹಾಕಿ ಬೇರೆ ಕೇಕ್ ಮಾಡಿ, ಗೇಟಿನ ಹತ್ತಿರ ಹೋಗಿ ಕರೆದೆ.

ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ. ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು. ತಟ್ಟೆ ಕೈಗೆ ಬಂದ ಮೇಲೆ ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದರು. "ಮೇಡಂ, ಇದರಲ್ಲಿ ಮೊಟ್ಟೆ...?"

"ಚೂರೂ ಇಲ್ಲ ಸಾರ್!" ಅಂದೆ ಹೆಮ್ಮೆಯಿಂದ. "ನಿಮಗೋಸ್ಕರ ಪೂರ್ತಿ ಮೊಸರಲ್ಲೇ ಮಾಡಿದೀನಿ."

ಅವರ ಮುಖ ಇಳಿದುಹೋಯಿತು. ತಟ್ಟೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ಮೊಸರು ನಮ್ಮನೇಲೂ ಇದೆ ಮೇಡಂ."

ಅತ್ತೆಯ ಆಸೆ

ನಮ್ಮತ್ತೆ ನನ್ನ ಅಡುಗೆಯನ್ನು ಹೊಗಳಿದ್ದು ನಾನು ಕಾಣೆ. ಸಾರು ಚೆನ್ನಾಗಿದ್ದರೆ "ಇವತ್ತು ಬೇಳೆ ಒಳ್ಳೇದಿತ್ತು" ಅನ್ನುತ್ತಾರೆ. ಅಂಥವರು ಕಳೆದ ಚಳಿಗಾಲದಲ್ಲಿ ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳತೊಡಗಿದರು: "ಇವತ್ತು ಕೇಕ್ ಮಾಡಲ್ವೇನಮ್ಮಾ?"

'ಅಮ್ಮಾ' ಬೇರೆ! ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಗಾಂಧಿ ಬಜಾರಿಗೆ ಹೋಗಿ ಒಳ್ಳೆ ಬೆಣ್ಣೆ ತಂದೆ. ಅವರೆಕಾಯಿ ಸುಲಿಯಲು ಬಿದ್ದಿದ್ದರೂ ಬದಿಗಿಟ್ಟು, ನೆಗಡಿಯಾಗಿ ಮೂಗು ಸುರಿಯುತ್ತಿದ್ದರೂ ಬಿಡದೆ, ಕಿತ್ತಳೆ ಕೇಕ್, ಖರ್ಜೂರದ ಕೇಕ್, ಬಾಳೆಹಣ್ಣಿನ ಕೇಕ್ ಅಂತ ದಿನಕ್ಕೊಂದು ಮಾಡಿದೆ. ಬೆಳಿಗ್ಗೆ ನೋಡಿದರೆ ಡಬ್ಬ ಖಾಲಿ. ಇಷ್ಟು ವರ್ಷಕ್ಕೆ ಈ ಹೆಂಗಸಿನ ಮನಸ್ಸು ಗೆದ್ದೆ ಅಂದುಕೊಂಡೆ.

ಒಂದು ದಿನ ನಿಜಕ್ಕೂ ಕೈಲಾಗಲಿಲ್ಲ. ಬರುವ ದಾರಿಯಲ್ಲಿ ಬೇಕರಿಯಿಂದ ಕೇಕ್ ಕಟ್ಟಿಸಿಕೊಂಡು ಬಂದೆ. ಅತ್ತೆ ಪೊಟ್ಟಣ ನೋಡಿ ಮುಖ ತಿರುಗಿಸಿದರು. "ಅಂಗಡೀದು ಯಾಕೆ ತಂದೆ? ಮನೇಲೇ ಮಾಡ್ಬಾರ್ದಿತ್ತಾ?"

ನನ್ನ ಕಣ್ಣು ತುಂಬಿ ಬಂತು. "ನನ್ನ ಕೈಯಿಂದ ಮಾಡಿದ್ದೇ ಬೇಕಾ ಅತ್ತೆ?"

"ಕೇಕ್ ಯಾರಿಗೆ ಬೇಕು?" ಅಂದರು ಅತ್ತೆ. "ನೀನು ಓವನ್ ಹಚ್ಚಿದ್ರೆ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಮಂಡಿ ಕಾಯಿಸ್ಕೋತಿದ್ದೆ. ಈ ಚಳೀಲಿ ಎಷ್ಟು ಹಿತ ಇತ್ತು ಗೊತ್ತಾ!"

"ಮತ್ತೆ ಅಷ್ಟೊಂದು ಕೇಕ್?"

"ಬೆಳಿಗ್ಗೆ ಬರೋ ಹಸೂಗೆ ಹಾಕ್ತಿದ್ದೆ." ಸ್ವಲ್ಪ ಯೋಚಿಸಿ, ನ್ಯಾಯವಾಗಿ ಹೇಳಬೇಕು ಅನ್ನುವಂತೆ ಸೇರಿಸಿದರು: "ಬಾಳೆಹಣ್ಣಿಂದು ಮಾತ್ರ ಅದೂ ಮುಟ್ಟಲಿಲ್ಲ."

ಹುಡುಗನ ಕಡೆಯವರು

ಓನರ್ ಆಂಟಿಯ ತಂಗಿಯ ಮಗಳಿಗೆ ಮದುವೆ ಕೂಡಿಬಂದದ್ದು ನನ್ನಿಂದಲೇ ಅಂತ ಆಂಟಿ ಈಗಲೂ ಎಲ್ಲರ ಹತ್ತಿರ ಹೇಳುತ್ತಾರೆ. ನಾನು ಬೇಡ ಬೇಡ ಅಂದರೂ ಕೇಳುವುದಿಲ್ಲ. ಆದದ್ದು ಇಷ್ಟು.

ಆ ಹುಡುಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಜಾಣೆ. ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ಬೇಡ ಅಂದಿದ್ದವಳು, ಈ ಹುಡುಗನ ಫೋಟೊ ಮಾತ್ರ ಫೋನಿನಲ್ಲಿ ಇಟ್ಟುಕೊಂಡಿದ್ದಳು. "ನಗು ಚೆನ್ನಾಗಿದೆ ಆಂಟಿ" ಅಂತ ನನಗೂ ತೋರಿಸಿದ್ದಳು. ಮನೆಯವರಿಗೆಲ್ಲ ಜೀವ ಬಂದಿತ್ತು. ಹುಡುಗನ ತಾಯಿ ಫೋನಿನಲ್ಲಿ, "ನಮ್ಮ ಹುಡುಗನಿಗೆ ಬೇಕಿಂಗ್ ಅಂದ್ರೆ ಪ್ರಾಣ, ಪ್ರತಿ ಭಾನುವಾರ ಅವನೇ ಕೇಕ್ ಮಾಡ್ತಾನೆ" ಅಂದರಂತೆ. ಓನರ್ ಆಂಟಿ ನಾಲಿಗೆ ಸುಮ್ಮನಿರಬೇಕಲ್ಲ? "ಅಯ್ಯೋ, ನಮ್ಮ ಹುಡುಗೀನೂ ಹಾಗೇನೇ!" ಅಂದುಬಿಟ್ಟರು. ಫೋನ್ ಇಟ್ಟವರು ನೇರ ಮೆಟ್ಟಿಲು ಹತ್ತಿ ನಮ್ಮ ಮನೆಗೆ.

"ಸುಳ್ಳು ಹೇಳಿ ಮದುವೆ ಮಾಡ್ತೀರಾ ಆಂಟಿ?" ಅಂದೆ.

"ಸುಳ್ಳೆಲ್ಲಿ ಬಂತು? ಕೇಕ್ ನಿಜವಾದ್ದೇ ತಾನೇ?"

ಹುಡುಗಿಯ ಮುಖ ನೆನೆದು ಕರಗಿದೆ. ಆದರೆ ಒಂದು ಷರತ್ತು ಹಾಕಿದೆ, ಅವಳೂ ಬಂದು ಕಲಿಯಬೇಕು ಅಂತ. ಬಂದಳು. ನಾನು ಮೈದಾ ಜರಡಿ ಹಿಡಿಯುತ್ತಾ ಎಲ್ಲ ವಿವರಿಸುತ್ತಿದ್ದರೆ ಅವಳು, "ನೀಲಿ ಸೀರೆ ಉಡ್ಲಾ, ಹಸಿರು ಉಡ್ಲಾ?" ಅಂತ ಕೇಳುತ್ತಿದ್ದಳು. "ಇಲ್ಲಿ ನೋಡೇ, ಅವರು ಏನಾದ್ರೂ ಕೇಳಿದ್ರೆ?" ಅಂದರೆ, "ಯಾರು ಕೇಳ್ತಾರೆ ಆಂಟಿ, ತಿಂತಾರೆ ಅಷ್ಟೇ" ಅಂದಳು.

ಸಂಕ್ರಾಂತಿ ಕಳೆದ ಭಾನುವಾರ ಹುಡುಗನ ಕಡೆಯವರು ಕೆಳಗೆ ಓನರ್ ಆಂಟಿ ಮನೆಗೆ ಬಂದರು. ಹುಡುಗ ಸ್ವೆಟರಿನ ತೋಳು ಎಳೆದುಕೊಳ್ಳುತ್ತಾ ತಂದೆತಾಯಿ ನಡುವೆ ಕೂತ. ಪಾಪ, ಅವನ ಕಣ್ಣು ಬಾಗಿಲಲ್ಲೇ. ಹುಡುಗಿ ಬಂದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಅಲ್ಲಿಗೆ ಮುಕ್ಕಾಲು ಪಾಲು ಮದುವೆ ಮುಗಿದಂತೆಯೇ. ನಾನು 'ಮೇಲಿನ ಮನೆಯವರು' ಅನ್ನಿಸಿಕೊಂಡು ಹುಡುಗನ ಬೆನ್ನ ಹಿಂದಿನ ಮೂಲೆಯಲ್ಲಿ ಕೂತಿದ್ದೆ. ಅವರೆಕಾಳು ಉಪ್ಪಿಟ್ಟು ಬಂತು, ಕೇಸರಿಬಾತ್ ಬಂತು, ಕೊನೆಗೆ ನನ್ನ ಕೇಕ್ ಬಂತು.

ಹುಡುಗನ ತಾಯಿ ಒಂದು ತುಂಡು ಬಾಯಿಗಿಟ್ಟು ಕಣ್ಣರಳಿಸಿದರು. "ಹತ್ತಿ ಹಾಗಿದೆಯಲ್ಲಮ್ಮ! ನೀನೇ ಮಾಡಿದ್ದಾ?"

ಹುಡುಗಿ ನೆಲ ನೋಡಿದಳು. "ಬೆಳಿಗ್ಗೆ ಬೇಗ ಎದ್ದು ಒಬ್ಬಳೇ ಮಾಡಿದಾಳೆ" ಅಂದರು ಓನರ್ ಆಂಟಿ. ನಾನು ಹಲ್ಲು ಕಚ್ಚಿಕೊಂಡೆ.

ತಾಯಿ ಮಗನನ್ನು ಮೊಣಕೈಯಲ್ಲಿ ತಿವಿದರು. "ಸುಮ್ನೆ ಕೂತಿದೀಯಲ್ಲೋ. ನಿಮ್ಮಿಬ್ಬರ ವಿಷಯ, ಏನಾದ್ರೂ ಕೇಳು."

ಹುಡುಗನ ಕಿವಿ ಕೆಂಪಾಯಿತು. ಗಂಟಲು ಸರಿಮಾಡಿಕೊಂಡ. "ಇದನ್ನ... ಎಷ್ಟು ಹೊತ್ತು ಬೇಯಿಸಿದ್ರಿ?"

ಹುಡುಗಿ ಗಾಬರಿಯಿಂದ ನನ್ನತ್ತ ನೋಡಿದಳು. ನಲವತ್ತು ನಿಮಿಷ ಅಂತ ತಿಳಿಸಲು ನಾನು ನಾಲ್ಕು ಬೆರಳು ಎತ್ತಿ ತೋರಿಸಿದೆ. ಸೊನ್ನೆ ತೋರಿಸಬೇಕು ಅಂತ ಮುಷ್ಟಿ ಕಟ್ಟುವ ಮೊದಲೇ ಅವಳ ಮುಖ ಅರಳಿತು.

"ನಾಲ್ಕು ವಿಷಲ್" ಅಂದಳು.

ಓನರ್ ಆಂಟಿ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಒಳ್ಳೆಯ ಸಂಬಂಧ ಕೈಬಿಟ್ಟು ಹೋಯಿತು, ಹೋಗಿ ಹೋಗಿ ನನ್ನ ಬೆರಳಿನಿಂದ, ಅಂದುಕೊಂಡೆ.

ಹುಡುಗ ತುಂಬಾ ಗಂಭೀರವಾಗಿ ತಲೆಯಾಡಿಸಿದ.

"ಹೌದಾ? ನಾನು ಐದು ಕೂಗಿಸ್ತೀನಿ."