ರಮಾಕಾಂತನ ಕಂಠಕಂಪನ

"ಇದನ್ನೂ ಒಂದು ಕಂಠ ಅಂತಾರಾ?"

ಕನ್ನಡ ಸಂಘದ ಹಿಂಬಾಗಿಲಲ್ಲಿ ನಿಂತು ನರಸಿಂಹಮೂರ್ತಿ ಕೇಳಿದ್ದು ಯಾರನ್ನೂ ಅಲ್ಲ. ವಿಶಾಖಪಟ್ಟಣದ ಆ ಕಾರ್ಖಾನೆ ಕಾಲೋನಿಯಲ್ಲಿ ಎಂಟು ವರ್ಷಗಳಿಂದ ರಾಜ್ಯೋತ್ಸವದ ಸಂಜೆ ಕಾವ್ಯ ವಾಚಿಸುತ್ತಿದ್ದವನು ಅವನೇ. ಈ ವರ್ಷ ಆ ಮಣೆಯ ಮೇಲೆ ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್ ರಮಾಕಾಂತ ಕೂತಿದ್ದ.

ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಆರಕ್ಕೆ ಕಾರ್ಯಕ್ರಮ, ಇದು ಕೊನೆಯ ತಾಲೀಮು. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಷಟ್ಪದಿ ಬಂತು. ರಮಾಕಾಂತನ ದನಿ ತಂತಿಯ ಮೇಲೆ ಒಣಹಾಕಿದ ಪಂಚೆಯಂತೆ ಪಟಪಟಿಸಿತು. ವ್ಯಾಖ್ಯಾನಕ್ಕೆ ಕೂತಿದ್ದ ಅಧ್ಯಕ್ಷ ಈಶ್ವರಯ್ಯನವರು ಕಣ್ಣೊರೆಸಿಕೊಂಡರು.

"ಆಹಾ! ಎಂಟು ವರ್ಷ ಪದ್ಯ ಕೇಳಿದ್ವಿ ಕಣ್ರೀ. ಇವತ್ತು ತಾಯೀನೇ ಕಂಡ್ವಿ."

ನರಸಿಂಹಮೂರ್ತಿಯ ಹೊಟ್ಟೆಯಲ್ಲಿ ಸಾಸಿವೆ ಸಿಡಿಯಿತು. ಬುಧವಾರವೂ ಇದೇ ನಡುಕ, ಶುಕ್ರವಾರವೂ ಇದೇ. ಗುರುವಾರ, ಶನಿವಾರ ಮಾತ್ರ ಅದೇ ತಾಯಿ ರೈಲು ಹೊರಡುವ ಸಮಯ ಹೇಳಿದಂತೆ ಮಗನನ್ನು ಕಳಿಸಿದ್ದಳು. ದಿನ ಬಿಟ್ಟು ದಿನ ಬರುವ ಭಾವ ಎಲ್ಲಿಯದು?

ತಟ್ಟನೆ ಡಿಸ್ಪೆನ್ಸರಿ ಗೋಡೆಯ ತೆಲುಗು ಹಲಗೆ ನೆನಪಾಯಿತು. ಸಾಲಿನಲ್ಲಿ ನಿಂತಾಗ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದ: ಮೊದಲು ಹಲ್ಲು ಕಟಕಟಿಸುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು, ದಿನ ಬಿಟ್ಟು ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ.

"ಇದು ಭಾವ ಅಲ್ಲ ಸ್ವಾಮೀ, ಮಲೇರಿಯಾ!" ಎನ್ನುತ್ತ ಒಳಗೆ ನುಗ್ಗಿದ.

"ಮೂರ್ತಿ, ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನಯ್ಯಾ?" ಈಶ್ವರಯ್ಯ ಸಿಡಿದರು.

"ನಂಗೇನಾಗಿಲ್ರಿ," ಎಂದ ರಮಾಕಾಂತ, ಶಾಲು ಬಿಗಿದುಕೊಳ್ಳುತ್ತ. "ಆ ಫ್ಯಾನ್ ಒಂದೀಟು ಬಂದ್ ಮಾಡ್ರಿ, ಸಾಕು."

"ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಕದಾ ಬಾಬೂ!" ಎಂದಳು ದುರ್ಗಾಂಬ. ಪಕ್ಕದ ಕ್ವಾರ್ಟರ್ಸಿನ ಈ ತೆಲುಗು ಹೆಂಗಸು, ಕನ್ನಡಿಗರ ಸಾರು ಸಿಹಿ ಎಂದು ಬೈಯುತ್ತ ಬೈಯುತ್ತಲೇ ಕನ್ನಡ ಕಲಿತವಳು. ಈಗ ರಮಾಕಾಂತನ ಕೈ ಮುಟ್ಟಿ ನೋಡಿ ಬೆಚ್ಚಿದಳು. "ಅಮ್ಮೋ! ಮೈಯೆಲ್ಲ ಮುಳ್ಳೆದ್ದು ಹಲಸಿನಕಾಯಿ ಆಗಿದೆ!"

ಅಲ್ಲಿಗೆ ಸಂಘದವರೆಲ್ಲ ವೈದ್ಯರಾದರು. ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಟೈಫಾಯ್ಡ್ ಎಂದರು. ರಮಾಕಾಂತನ ಹಲ್ಲು ಮಾತ್ರ ಟೈಪ್‌ರೈಟರಿನಂತೆ ಮೂರ್ತಿಯ ಮಾತನ್ನೇ ಒತ್ತಿ ಒತ್ತಿ ಹೇಳುತ್ತಿತ್ತು.

"ಗುರುತು ಹಿಡಿದೋನು ನೀನೇ, ನೀನೇ ಕರ್ಕೊಂಡು ಹೋಗು," ಎಂದರು ಈಶ್ವರಯ್ಯ.

"ಅರ್ಧ ಗಂಟೇಲಿ ಬಂದೆ. ಮಣೆ ಅಲ್ಲೇ ಇರಲಿ!"

"ಅವಸರ ಮಾಡ್ಬೇಡಿ, ನಿಧಾನವಾಗಿ ಬನ್ನಿ," ಎಂದಳು ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ವೇದವತಿ, ಮೂರ್ತಿಯ ಹೆಂಡತಿ.

ಡಿಸ್ಪೆನ್ಸರಿಯಲ್ಲಿ ರಮಾಕಾಂತನ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿದರು. ಮಲೇರಿಯಾವೇ! ಡಾಕ್ಟರು ಮೂರ್ತಿಯ ಬೆನ್ನು ತಟ್ಟಿದರು. "ಎಷ್ಟು ಚೆನ್ನಾಗಿ ಲಕ್ಷಣ ಕಂಡುಹಿಡಿದಿರಿ! ಇವತ್ತು ನರ್ಸ್ ಒಬ್ಬಳೇ ಇದ್ದಾಳೆ. ಬೆವರು ಬಿಟ್ಟು ಜ್ವರ ಇಳಿಯೋ ತನಕ ನೀವೇ ಪಕ್ಕದಲ್ಲಿರಿ. ತಿಳಿದವರು ಸಿಗೋದು ಕಷ್ಟ."

ಹೊಗಳಿಸಿಕೊಂಡವನು ಎದ್ದು ಹೋಗುವುದು ಹೇಗೆ? ಐದಾಯಿತು. ಚಳಿ ಹೋಗಿ ಜ್ವರ ಏರಿತು. ಐದೂವರೆಯಾಯಿತು. ಬೆವರಿಲ್ಲ. ಮೂರ್ತಿ ರೋಗಿಯ ಹಣೆಯನ್ನು ಬಸ್ಸು ಕಾಯುವವನು ರಸ್ತೆ ನೋಡುವಂತೆ ನೋಡಿದ.

"ಬೆವರ್ರೀ, ರಮಾಕಾಂತ! ಸ್ವಲ್ಪ ಮನಸ್ಸು ಮಾಡಿ ಬೆವರ್ರೀ!"

"ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು," ಎಂದು ರಮಾಕಾಂತ ಕಣ್ಣಲ್ಲಿ ನೀರು ತಂದುಕೊಂಡ. ನೀರು ಬಂದದ್ದು ಅಲ್ಲಿ ಮಾತ್ರ.

ಬೆವರು ಇಳಿದಾಗ ಏಳೂಕಾಲು. ಮೂರ್ತಿ ಸ್ಕೂಟರ್ ಏರಿ ಹಾರಿದ. ಸಂಘದ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಸೂಜಿ ಬಿದ್ದರೂ ಕೇಳುವ ಮೌನ. ಆ ಮೌನದ ನಡುವೆ ಅವನದೇ ಪದ್ಯ, ಅವನದೇ ರಾಗ, ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು. ಕಂಠ ಮಾತ್ರ ಹೆಣ್ಣಿನದು.

ಮಣೆಯ ಮೇಲೆ ವೇದವತಿ ಕೂತಿದ್ದಳು.

"ಎಂಟು ವರ್ಷ ನೀವು ಹಜಾರದಲ್ಲಿ ಓದಿದ್ದನ್ನ ಅಡುಗೆಮನೇಲಿ ಕೇಳಿ ಕಲಿತಳಂತೆ!" ಬಾಗಿಲಲ್ಲಿ ದುರ್ಗಾಂಬ ಪಿಸುಗುಟ್ಟಿದಳು. "ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತಿದ್ರು. ನಾನೇ ತಳ್ಳಿ ಕೂರಿಸಿದೆ. ನಿಮಗಿಂತ ಎಷ್ಟು ಬಾಗಾ ಹಾಡ್ತಾಳಪ್ಪಾ!"

ಈಶ್ವರಯ್ಯನವರು ವ್ಯಾಖ್ಯಾನ ಮರೆತು ಬಿಕ್ಕುತ್ತಿದ್ದರು. ಮೂರ್ತಿ ಹೆಂಡತಿಯನ್ನು ಆಸೆಯಿಂದ ಪರೀಕ್ಷಿಸಿದ. ನಡುಕ? ಇಲ್ಲ. ಕಣ್ಣು ಕೆಂಪು? ಇಲ್ಲ. ಹಣೆಯಲ್ಲಿ ಒಂದು ಹನಿ ಬೆವರಾದರೂ? ಅದೂ ಇಲ್ಲ.

ಬಗ್ಗಿ ಬಗ್ಗಿ ವೇದಿಕೆಯ ಪಕ್ಕಕ್ಕೆ ಹೋಗಿ ಸೆರಗಿನ ತುದಿ ಎಳೆದ.

"ವೇದಾ, ಕೊನೇ ಪದ್ಯ ಒಂದು ನಂಗೆ ಬಿಟ್ಕೊಡೇ. ಒಂದೇ ಒಂದು."

ವೇದವತಿ ಸೆರಗು ಬಿಡಿಸಿಕೊಂಡು, ಪುಟ ತಿರುವಿದಳು.

"ಕೊಡಲ್ಲ."